ನಿಮ್ಮ ತೋಟದ ಜೀಪನ್ನೇ ಕಟ್ಟು

ಸೋಮವಾರಪೇಟೆ

ಪ್ರೀತಿಯ ಗೆಳೆಯಾ,

ಮಾಡೆಲ್ ಕಾರು ಕಟ್ಟೋಕೆ ಶುರು ಮಾಡ್ತೀನಿ, ಯಾವ ಕಿಟ್ ತಗೊಳ್ಳಲಿ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀನು ಕಳಿಸಿದ ಪಟ್ಟಿಯಲ್ಲಿ ಫೆರಾರಿ ಇದೆ, ಪೋರ್ಶೆ ಇದೆ, ಸ್ಕೈಲೈನ್ ಇದೆ. ಎಲ್ಲ ಟಮಿಯಾ ಕಂಪನಿಯ ಪ್ಲಾಸ್ಟಿಕ್ ಕಿಟ್‌ಗಳು. ಅವುಗಳ ಭಾಗಗಳು ಒಂದಕ್ಕೊಂದು ಸರಿಯಾಗಿ ಕೂರುತ್ತವೆ, ಹೊಸಬರಿಗೆ ಒಳ್ಳೆಯದೇ. ಆದರೂ ನನ್ನನ್ನು ಕೇಳಿದರೆ ಅವನ್ನೆಲ್ಲ ಸದ್ಯಕ್ಕೆ ಬಿಡು. ನಿಮ್ಮಪ್ಪನ ಜೀಪನ್ನು ಕಟ್ಟು.

ಫೆರಾರಿಯನ್ನು ನಾವಿಬ್ಬರೂ ಫೋಟೊದಲ್ಲಿ ನೋಡಿದವರು. ಬಾಕ್ಸಿನ ಮೇಲಿನ ಚಿತ್ರದ ಹಾಗೆ ಬಂದರೆ ಸಾಕು ಅನಿಸುತ್ತದೆ. ಆ ಹಸಿರು ಜೀಪು ಹಾಗಲ್ಲ. ಅದರ ಹಿಂದಿನ ಬೆಂಚಿನಲ್ಲಿ ಕೂತು ನಾವು ಶಾಲೆಗೆ ಹೋದವರು. ಯಾವ ಮೂಲೆ ತಗ್ಗಾಗಿತ್ತು, ಎಲ್ಲಿ ಬಣ್ಣ ಹೋಗಿತ್ತು, ಎಲ್ಲ ಗೊತ್ತು. ಅಥವಾ ಗೊತ್ತು ಅಂದುಕೊಂಡಿದ್ದೇವೆ. ಕಟ್ಟೋಕೆ ಕೂತಾಗಲೇ ನಾವು ಎಷ್ಟು ನೋಡಿದ್ದೇವೆ ಅನ್ನುವುದು ತಿಳಿಯೋದು. ಈ ಹವ್ಯಾಸದಲ್ಲಿ ನನಗೆ ಅತಿ ಇಷ್ಟವಾದ ಭಾಗ ಅದೇ.

ಅಂಗಡಿಯಲ್ಲಿ ಇಟಲೇರಿ ಕಂಪನಿಯ 1:24 ಅಳತೆಯ, ಅಂದರೆ ನಿಜವಾದ ಗಾಡಿಯ ಇಪ್ಪತ್ತನಾಲ್ಕನೇ ಒಂದು ಭಾಗದಷ್ಟಿರುವ, ವಿಲ್ಲಿಸ್ ಎಂಬಿ ಕಿಟ್ ಕೇಳು. ಎರಡನೇ ಮಹಾಯುದ್ಧದ ಅಮೆರಿಕನ್ ಸೈನ್ಯದ ಜೀಪು ಅದು. ನಿಮ್ಮದು ಮಹೀಂದ್ರಾದ ಸಿಜೆ 3ಬಿ. ಎರಡೂ ಒಂದೇ ವಂಶ. ಮಹೀಂದ್ರಾದವರು 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸುವ ಕೆಲಸಕ್ಕೆ ಇಳಿದವರು. ನಮಗೆ ಅನುಕೂಲವಾದ ಸಂಗತಿ ಏನೆಂದರೆ ಎರಡು ಗಾಡಿಗಳ ವೀಲ್‌ಬೇಸ್ ಕೂಡ ಒಂದೇ, ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 80 ಇಂಚು. ಹಾಗಾಗಿ ಚಾಸಿಗೆ ಗರಗಸ ಹಾಕಬೇಕಿಲ್ಲ. ಕೆಲಸವೆಲ್ಲ ಮೇಲಿನ ಬಾಡಿಯಲ್ಲಿ.

ದೊಡ್ಡ ವ್ಯತ್ಯಾಸ ಬಾನೆಟ್. ನಮ್ಮ ಜೀಪಿಗೆ ಎತ್ತರದ ಮೂತಿ ಇತ್ತು, ನೆನಪಿದೆಯಾ? ಅದು ಚೆಂದಕ್ಕೆ ಮಾಡಿದ್ದಲ್ಲ. ವಿಲ್ಲಿಸ್‌ನವರು 1953ರಲ್ಲಿ ಸಿಜೆ 3ಬಿಗೆ ಹರಿಕೇನ್ ಎಂಜಿನ್ ಹಾಕಿದರು. ಅದರಲ್ಲಿ ಗಾಳಿ ಒಳಗೆ ಬರುವ ವಾಲ್ವು ಸಿಲಿಂಡರ್ ಹೆಡ್ಡಿನಲ್ಲಿದೆ. ಹಳೆಯ ಎಂಜಿನ್‌ನಲ್ಲಿ ಎಲ್ಲ ವಾಲ್ವುಗಳೂ ಪಕ್ಕದಲ್ಲಿ, ಬ್ಲಾಕಿನೊಳಗೇ ಇದ್ದವು. ಹೊಸ ಎಂಜಿನ್ ಎತ್ತರವಾಯಿತು, ಅದನ್ನು ಮುಚ್ಚೋಕೆ ಬಾನೆಟ್ಟನ್ನೂ ಎತ್ತರಿಸಿದರು. ಕಿಟ್‌ನ ಬಾನೆಟ್ ತಗ್ಗು. ಅದನ್ನು ಬಿಟ್ಟು, ತೆಳು ಪ್ಲಾಸ್ಟಿಕ್ ಹಾಳೆಯಿಂದ ಹೊಸದು ಮಾಡಬೇಕು. ಗ್ರಿಲ್ ಕೂಡ ಬದಲು. ಸೈನ್ಯದ ಜೀಪಿಗೆ ಒಂಬತ್ತು ಸೀಳು, ನಮ್ಮದಕ್ಕೆ ಏಳು. ಹೆಡ್‌ಲೈಟ್ ದೊಡ್ಡವು. ಮುಂದಿನ ಗಾಜು ಒಂದೇ ಹಲಗೆ, ಕಿಟ್‌ನಲ್ಲಿ ಎರಡು. ಹಿಂದೆ ಬಾಗಿಲು ಬೇಕು, ಸೈನ್ಯದ ಜೀಪಿಗೆ ಅದು ಇರಲೇ ಇಲ್ಲ. ಸ್ಟೇರಿಂಗ್, ಪೆಡಲ್ ಎಲ್ಲ ಎಡಗಡೆಯಿಂದ ಬಲಗಡೆಗೆ ಬರಬೇಕು. ಮೀಟರುಗಳು ಡ್ಯಾಶಿನ ನಡುವೆಯೇ ಇರುವುದರಿಂದ ಅಷ್ಟರ ಮಟ್ಟಿಗೆ ಕೆಲಸ ಹಗುರ.

ಅಳತೆ ಎಲ್ಲಿಂದ ತರೋದು ಅಂತ ಕೇಳ್ತೀಯ. ಜೀಪನ್ನು ಸರಿಯಾಗಿ ಪಕ್ಕದಿಂದ, ಸ್ವಲ್ಪ ದೂರ ನಿಂತು ತೆಗೆದ ಒಂದು ಫೋಟೊ ಹುಡುಕು. ಹತ್ತಿರದಿಂದ ತೆಗೆದದ್ದು ಬೇಡ, ಅದರಲ್ಲಿ ಅಳತೆ ಓರೆಯಾಗುತ್ತದೆ. 80 ಇಂಚು ಅಂದರೆ 2032 ಮಿಲಿಮೀಟರ್. ಅದನ್ನು 24ರಿಂದ ಭಾಗಿಸಿದರೆ ಸುಮಾರು 84.7. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 84.7 ಮಿಲಿಮೀಟರ್ ಬರುವ ಹಾಗೆ ಆ ಫೋಟೊವನ್ನು ಪ್ರಿಂಟ್ ಹಾಕಿಸು. ಈಗ ಆ ಕಾಗದವೇ ನಿನ್ನ ನಕ್ಷೆ. ಬಾನೆಟ್ ಎತ್ತರ, ಬಾಗಿಲ ಖಾಲಿ ಜಾಗದ ತಿರುವು, ಟಾಪಿನ ಇಳಿಜಾರು, ಎಲ್ಲ ಅದರ ಮೇಲೇ ಸ್ಕೇಲಿಟ್ಟು ಅಳೆಯಬಹುದು.

1:24ರಲ್ಲಿ ಇನ್ನೊಂದು ಸುಖವಿದೆ. ನಿಜವಾದ ಒಂದು ಇಂಚು ಇಲ್ಲಿ ಹೆಚ್ಚು ಕಡಿಮೆ ಒಂದು ಮಿಲಿಮೀಟರ್. ಟಾಪಿನ ಪೈಪು ಒಂದು ಇಂಚಿನದಾದರೆ ಒಂದು ಮಿಲಿಮೀಟರ್ ತಂತಿ ಬಾಗಿಸಿದರೆ ಆಯ್ತು. ಟಾರ್ಪಾಲಿಗೆ ಟಿಶ್ಯೂ ಪೇಪರ್ ಸಾಕು. ಫೆವಿಕಾಲಿಗೆ ನೀರು ಬೆರೆಸಿ, ಅದರಲ್ಲಿ ನೆನೆಸಿ ತಂತಿಯ ಮೇಲೆ ಹೊದಿಸು. ಒಣಗಿದ ಮೇಲೆ ಮಡಿಕೆಗಳೆಲ್ಲ ಹಾಗೇ ನಿಲ್ಲುತ್ತವೆ.

ಅಂಟಿನ ವಿಷಯ. ಕಿಟ್‌ಗೆ ಹಾಕುವ ಸಿಮೆಂಟ್ ಮಾಮೂಲಿ ಗೋಂದಲ್ಲ. ಅದು ಪ್ಲಾಸ್ಟಿಕ್ಕನ್ನು ಕರಗಿಸಿ ಎರಡು ತುಂಡನ್ನು ಒಂದು ಮಾಡುತ್ತದೆ, ವೆಲ್ಡಿಂಗ್ ತರಹ. ಅದಕ್ಕೇ ಜೋಡಿಸುವ ಜಾಗದಲ್ಲಿ ಬಣ್ಣ ಇರಬಾರದು, ಕೆರೆದು ತೆಗೆ. ಭಾಗಗಳನ್ನು ಕತ್ತರಿಸಿದ ಮೇಲೆ ಉಳಿಯುವ ಪ್ಲಾಸ್ಟಿಕ್ ಚೌಕಟ್ಟನ್ನು ಎಸೆಯಬೇಡ. ಚೂರು ಮಾಡಿ ಅದೇ ಸಿಮೆಂಟಿನಲ್ಲಿ ಕರಗಿಸಿದರೆ ಒಳ್ಳೇ ಪುಟ್ಟಿ ಆಗುತ್ತದೆ. ಆ ಚೌಕಟ್ಟಿನ ಕಡ್ಡಿಯನ್ನು ಮೇಣದಬತ್ತಿಯ ಉರಿಯ ಮೇಲೆ ಮೆತ್ತಗಾಗಿಸಿ ಎಳೆದರೆ ಕೂದಲಿನಷ್ಟು ಸಣ್ಣ ಎಳೆ ಬರುತ್ತದೆ, ಎಂಜಿನ್ ವೈರಿಗೆ ಅದೇ ಸರಿ. ಗಾಜಿನ ಹತ್ತಿರ ಮಾತ್ರ ಸೂಪರ್ ಗ್ಲೂ ತರಬೇಡ. ಅದರ ಹೊಗೆ ಕೂತು ಗಾಜು ಬೆಳ್ಳಗಾಗುತ್ತದೆ.

ಬಣ್ಣಕ್ಕೆ ಅವಸರ ಬೇಡ. ನೀನು ಮೈಸೂರಿನಲ್ಲಿದ್ದೀಯ, ಪರವಾಗಿಲ್ಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಲ್ಯಾಕರ್ ಬಣ್ಣದ ಡಬ್ಬಿ ಮುಟ್ಟುವುದೇ ಇಲ್ಲ. ಲ್ಯಾಕರ್‌ನ ತಿನ್ನರ್ ಬೇಗ ಆರುತ್ತದೆ, ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅಲ್ಲೇ ಹನಿಗಟ್ಟಿ, ಹೊಳೆಯಬೇಕಾದ ಬಣ್ಣದ ಮೇಲೆ ಬಿಳಿ ಮಂಕು ಕೂರುತ್ತದೆ. ಕಕ್ಕಡ ತಿಂಗಳ ಮಳೆಯಲ್ಲಿ ಮನೆಯೊಳಗಿನ ಬಟ್ಟೆಯೇ ಒಣಗಲ್ಲ, ಇನ್ನು ಇದೆಲ್ಲಿ! ಆ ತಿಂಗಳುಗಳಲ್ಲಿ ಕತ್ತರಿಸೋದು, ಅರ ಹಾಕೋದು, ಜೋಡಿಸೋದು. ಕರೆಂಟ್ ಹೋದರೂ ಕಿಟಕಿ ಪಕ್ಕ ಕೂತು ಮಾಡಬಹುದು. ಕೈಲ್‌ಪೊಳ್ದು ಹಬ್ಬ ಕಳೆದು, ಬಿಸಿಲು ಬಂದ ಮೇಲೆ ಬಣ್ಣ. ನಿಜ ಹೇಳ್ತೀನಿ, ಕೊಡಗಿನ ಮಳೆಗಾಲಕ್ಕೆ ಇಷ್ಟು ಚೆನ್ನಾಗಿ ಹೊಂದುವ ಹವ್ಯಾಸ ಬೇರೊಂದು ನನಗೆ ಕಂಡಿಲ್ಲ.

ಹಸಿರನ್ನು ಡಬ್ಬಿಯಲ್ಲಿದ್ದಷ್ಟೇ ಗಾಢವಾಗಿ ಹಚ್ಚಬೇಡ, ಒಂದೆರಡು ಹನಿ ಬಿಳಿ ಸೇರಿಸು. ಅಷ್ಟು ಚಿಕ್ಕ ವಸ್ತುವಿನ ಮೇಲೆ ಅದೇ ಬಣ್ಣ ಇನ್ನೂ ಕಪ್ಪಾಗಿ ಕಾಣುತ್ತದೆ.

ಆಮೇಲೆ ಕೆಸರು. ಬಣ್ಣ ಹಚ್ಚುವ ಮೊದಲೇ ಒಂದು ತೀರ್ಮಾನ ಮಾಡು: ಇದು ಯಾವ ತಿಂಗಳಿನ ಜೀಪು? ಜನವರಿಯದಾದರೆ ಕಾಫಿ ಕೊಯ್ಲಿನ ಜೀಪು. ಒಣ ಧೂಳು, ಹಿಂದೆ ಹಣ್ಣಿನ ಚೀಲ, ಸೈಡ್ ಟಾರ್ಪಾಲು ಸುತ್ತಿ ಕಟ್ಟಿರಬೇಕು. ಜುಲೈನದಾದರೆ ಟಾರ್ಪಾಲು ಇಳಿಬಿಟ್ಟಿರಬೇಕು, ಮಡ್‌ಗಾರ್ಡ್ ಒಳಗೆ ಕೆಸರು ಮೆತ್ತಿರಬೇಕು, ಹಿಂದಿನ ಚಕ್ರಕ್ಕೆ ಚೈನು. ತೆಳುವಾದ ನಕಲಿ ಒಡವೆಯ ಸರ ಆ ಚೈನಿಗೆ ಸರಿಹೋಗುತ್ತದೆ. ಎರಡೂ ತಿಂಗಳನ್ನು ಬೆರೆಸಿದರೆ ಜೀಪು ಎಲ್ಲಿಯದೂ ಆಗಲ್ಲ. ಮಾಡೆಲ್ ಮಾಡುವವರಲ್ಲಿ ಜಾಸ್ತಿ ಜನ ತುಕ್ಕನ್ನು ಕೈಗೆ ಸಿಕ್ಕಲ್ಲೆಲ್ಲ ಹಚ್ಚುತ್ತಾರೆ, ನನಗದು ಸರಿ ಕಾಣಲ್ಲ. ಒಂದು ಸೆಂಟಿಮೀಟರ್ ಬಣ್ಣ ಎದ್ದ ಜಾಗ ಈ ಅಳತೆಯಲ್ಲಿ ಅರ್ಧ ಮಿಲಿಮೀಟರೂ ಇಲ್ಲ. ಅದೂ ಕಾರಣವಿದ್ದಲ್ಲೇ ಬರಬೇಕು. ಚೀಲ ಎಳೆದು ಎಳೆದು ಹಿಂಬಾಗಿಲಿನ ಅಂಚು ಸವೆಯುತ್ತದೆ. ರೊಬಸ್ಟಾ ಗಿಡದ ಕೊಂಬೆ ತಾಗಿ ತಾಗಿ ಎರಡು ಪಕ್ಕದಲ್ಲಿ ಉದ್ದ ಗೀರು ಬೀಳುತ್ತದೆ. ನೆತ್ತಿಯ ಮೇಲೆ ಗೀರು ಯಾಕೆ ಬರುತ್ತೆ ಹೇಳು?

ಮಣ್ಣನ್ನು ನಾನು ಕಳಿಸುತ್ತೇನೆ, ನಿಮ್ಮ ತೋಟದ ಗೇಟಿನ ಹತ್ತಿರದ್ದೇ. ಹಾಗೇ ಹಚ್ಚಿದರೆ ಕಾಳು ದಪ್ಪ, ಕಲ್ಲು ಮೆತ್ತಿದ ಹಾಗೆ ಕಾಣುತ್ತದೆ. ನೀರಿನಲ್ಲಿ ಕದಡಿ, ದಪ್ಪ ಮಣ್ಣು ತಳ ಸೇರಿದ ಮೇಲೆ ಮೇಲಿನ ಕೆಂಪು ನೀರನ್ನು ಮಾತ್ರ ಬಗ್ಗಿಸಿ ಒಣಗಿಸಿಕೋ. ಉಳಿಯುವ ನುಣ್ಣನೆಯ ಪುಡಿಯನ್ನು ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಜೊತೆ ಕಲಸಿ ಬ್ರಷ್ಷಿನಿಂದ ಹಚ್ಚು.

ನಂಬರ್ ಪ್ಲೇಟ್ ಕಪ್ಪು, ಅಕ್ಷರ ಬಿಳಿ. ಈಗಿನ ಬಿಳಿ ಪ್ಲೇಟ್ ಹಾಕಿಬಿಡಬೇಡ, ಆ ಕಾಲದ್ದಲ್ಲ ಅದು.

ಕಿಟ್ ಬಂದ ದಿನ ತಿಳಿಸು. ಅಷ್ಟರಲ್ಲಿ ಹಳೇ ಆಲ್ಬಮ್ ತೆಗೆದು ಜೀಪಿನ ಹಿಂಭಾಗದ ಫೋಟೊ ಇದೆಯಾ ನೋಡು. ಸ್ಟೆಪ್ನಿ ಹಿಂದೆ ಇತ್ತೋ, ಪಕ್ಕದಲ್ಲೋ ನನಗೆ ಈಗ ನೆನಪಾಗುತ್ತಿಲ್ಲ. ಕತ್ತಿ ಸಿಕ್ಕಿಸೋಕೆ ನಿಮ್ಮಪ್ಪ ಡ್ಯಾಶಿನ ಕೆಳಗೆ ಒಂದು ಕಬ್ಬಿಣದ ಪಟ್ಟಿ ಬೆಸುಗೆ ಹಾಕಿಸಿದ್ದರಲ್ಲ, ಅದು ಯಾವ ಕಡೆ ಅಂತ ಅವರನ್ನೇ ಕೇಳಿ ಬರೆ.

ಇಂತಿ ನಿನ್ನ ಗೆಳೆಯ