ಏಲಿಯ ಮನೆಯ ವಿಷಯವಾಗಿ, ದೀಕ್ಷೆಗೆ ಮುನ್ನ

ಪ್ರೀತಿಯ ಮಗನಿಗೆ,

ಕರ್ತನ ನಾಮದಲ್ಲಿ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಮುಂದಿನ ತಿಂಗಳು ನಿನಗೆ ಸಭಾಪಾಲನೆಯ ದೀಕ್ಷೆಯಾಗಲಿದೆ ಎಂದು ನಿನ್ನ ತಂದೆ ತಿಳಿಸಿದ ದಿನದಿಂದ ನಿನಗೆ ಬರೆಯಬೇಕೆಂದುಕೊಳ್ಳುತ್ತಿದ್ದೆ. ನಾನು ದೇವಶಾಸ್ತ್ರ ಓದಿದವನಲ್ಲ. 26 ವರ್ಷ ಸಭೆಯ ಖಜಾಂಚಿಯಾಗಿ ಕಾಣಿಕೆ ಎಣಿಸಿದವನು. ಆದರೂ ಬೈಬಲಿನ ಒಂದನೆಯ ಸಮುವೇಲ ಪುಸ್ತಕದ ಮೊದಲ ನಾಲ್ಕು ಅಧ್ಯಾಯಗಳನ್ನು, ಅಂದರೆ ಯಾಜಕನಾದ ಏಲಿಯ ಮನೆತನದ ಮೇಲೆ ದೇವರ ತೀರ್ಪು ಬಂದ ವೃತ್ತಾಂತವನ್ನು, ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಹಾಗೆ ಓದುವುದಕ್ಕೆ ಒಂದು ಕಾರಣವಿದೆ, ಅದನ್ನು ಈ ಪತ್ರದಲ್ಲಿ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಯೆರೂಸಲೇಮಿನ ದೇವಾಲಯ ಇನ್ನೂ ಕಟ್ಟಿರದ ಆ ಕಾಲದಲ್ಲಿ ದೇವರ ಮಂಜೂಷ, ಅಂದರೆ ದೇವರ ಸಾನ್ನಿಧ್ಯದ ಗುರುತಾದ ಪವಿತ್ರ ಪೆಟ್ಟಿಗೆ, ಶೀಲೋ ಎಂಬ ಊರಿನಲ್ಲಿತ್ತು. ಸಮುವೇಲನ ತಂದೆ ಎಲ್ಕಾನನಂಥ ಗೃಹಸ್ಥರು ವರ್ಷಕ್ಕೊಮ್ಮೆ ಹೆಂಡಿರು ಮಕ್ಕಳೊಡನೆ ಅಲ್ಲಿಗೆ ಹೋಗಿ, ಯಜ್ಞವನ್ನರ್ಪಿಸಿ, ಆ ಮಾಂಸವನ್ನು ಬೇಯಿಸಿ ದೇವರ ಸನ್ನಿಧಿಯಲ್ಲಿ ಕುಳಿತು ಉಣ್ಣುತ್ತಿದ್ದರು. ಯಾಜಕನಿಗೂ ಅದರಲ್ಲಿ ಪಾಲಿತ್ತು. ಅದು ಯಾರೂ ಕೊಡುವ ಭಿಕ್ಷೆಯಲ್ಲ, ಧರ್ಮಶಾಸ್ತ್ರವೇ ನಿಗದಿಪಡಿಸಿದ ಹಕ್ಕು. ಎದೆಯ ಭಾಗವೂ ಬಲದೊಡೆಯೂ ಅವನಿಗೆ ಸಲ್ಲಬೇಕೆಂದು ಯಾಜಕಕಾಂಡದಲ್ಲಿ ಬರೆದಿದೆ. ಕೊಬ್ಬು ಮಾತ್ರ ಯೆಹೋವನದು. ಮೊದಲು ಅದನ್ನು ವೇದಿಯ ಮೇಲೆ ಹೋಮಮಾಡಬೇಕು, ಉಳಿದವರ ಊಟವೆಲ್ಲ ಅದಾದ ಮೇಲೆ.

ಏಲಿಯ ಮಕ್ಕಳಾದ ಹೊಫ್ನಿ ಫೀನೆಹಾಸರಿಗೆ ಈ ಪಾಲು ಸಾಲಲಿಲ್ಲ. ಜನರು ಮಾಂಸ ಬೇಯಿಸುತ್ತಿರುವಾಗಲೇ ಅವರ ಆಳು ಮೂರು ಮೊನೆಯ ಕೊಕ್ಕೆ ಹಿಡಿದು ಬಂದು, ಹಂಡೆಯೋ ಕೊಪ್ಪರಿಗೆಯೋ ಗಡಿಗೆಯೋ ಯಾವುದೆಂದು ನೋಡದೆ ಅದರೊಳಗೆ ಚುಚ್ಚಿ, ಸಿಕ್ಕಿದ್ದನ್ನೆಲ್ಲ ಒಯ್ಯುತ್ತಿದ್ದ. ಅದೂ ಸಾಲದೆ, ಕೊಬ್ಬನ್ನು ಹೋಮಮಾಡುವ ಮೊದಲೇ ಹಸಿ ಮಾಂಸ ಕೊಡು ಎಂದು ಕೇಳತೊಡಗಿದರು. ಮೊದಲು ಕೊಬ್ಬನ್ನು ಹೋಮಮಾಡಲಿ, ಆಮೇಲೆ ಬೇಕಾದಷ್ಟು ತೆಗೆದುಕೊಳ್ಳಿ ಎಂದು ಯಾತ್ರಿಕನು ವಿನಯದಿಂದ ಹೇಳಿದರೆ, ಈಗಲೇ ಕೊಡು, ಇಲ್ಲವಾದರೆ ಕಿತ್ತುಕೊಳ್ಳುತ್ತೇನೆ ಎಂಬ ಉತ್ತರ ಬರುತ್ತಿತ್ತು. ಈ ಮಾತುಕತೆಯನ್ನು ಗಮನವಿಟ್ಟು ಓದು. ದೇವರ ಪಾಲು ಮೊದಲು ಸಲ್ಲಲಿ ಎಂದವನು ಯಾಜಕನಲ್ಲ, ಕುರಿ ತಂದ ಬಡ ಗೃಹಸ್ಥ.

ನಮ್ಮ ಕಡೆಯ ಪ್ರಸಂಗಗಳಲ್ಲಿ ಹೊಫ್ನಿ ಫೀನೆಹಾಸರ ಹೆಸರು ಬಂದರೆ ದೇವದರ್ಶನದ ಗುಡಾರದ ಬಾಗಿಲಲ್ಲಿ ಸೇವೆ ಮಾಡುತ್ತಿದ್ದ ಸ್ತ್ರೀಯರೊಡನೆ ಅವರು ಮಲಗಿದ ವಿಷಯವೇ ಮುಂದೆ ಬರುತ್ತದೆ. ಅದು ಘೋರವಾದ ಪಾಪವೇ, ಸಂಶಯವಿಲ್ಲ. ಆದರೆ ಗ್ರಂಥ ಅದನ್ನು ಒಂದು ವಚನದಲ್ಲಿ ಹೇಳಿ, ಮಾಂಸದ ವಿಷಯವನ್ನು ಅದಕ್ಕೂ ಮೊದಲು, ಪಾತ್ರೆಗಳ ಹೆಸರುಗಳ ಸಮೇತ ವಿಸ್ತಾರವಾಗಿ ಹೇಳುತ್ತದೆ. ಅವರ ಪಾಪ ಅತಿ ದೊಡ್ಡದಾಗಿತ್ತು ಎಂದು ಅದು ತೀರ್ಮಾನಿಸುವುದೂ ಅಲ್ಲಿಯೇ, ಯೆಹೋವನಿಗೆ ತಂದ ಕಾಣಿಕೆಯನ್ನು ಅವರು ತಾತ್ಸಾರಕ್ಕೆ ಈಡುಮಾಡಿದರು ಎಂಬ ಮಾತಿನೊಡನೆ.

ಈ ಮಾತಿನ ಅರ್ಥ ನನಗೆ ಒಂದು ಸುಗ್ಗಿ ಹಬ್ಬದ ಬೆಳಿಗ್ಗೆ ತಿಳಿಯಿತು. ಯಾವ ವರ್ಷ, ಯಾರ ಕಾಲ ಎಂಬುದು ಬೇಡ. ಜೋಳದ ತೆನೆ, ಕುಂಬಳಕಾಯಿ, ಬೆಲ್ಲದ ಪೆಂಟೆಗಳನ್ನು ಜನರು ತಂದು ವೇದಿಕೆಯ ಮುಂದೆ ಇಡುತ್ತಿದ್ದರು. ಪ್ರಾರ್ಥನೆಯಾಗಿ, ಆರಾಧನೆ ಮುಗಿದ ಮೇಲೆ ಲಿಲಾವು. ಕೂಲಿ ಮಾಡಿ ಬದುಕುವ ವಿಧವೆಯೊಬ್ಬಳು ಒಂದು ಜವಾರಿ ಕೋಳಿಯ ಕಾಲುಗಳನ್ನು ಕೆಂಪು ಬಟ್ಟೆಯ ಪಟ್ಟಿಯಿಂದ ಕಟ್ಟಿ, ಅದನ್ನು ಎದೆಗವಚಿಕೊಂಡು ಬಾಗಿಲ ಬಳಿ ನಿಂತಿದ್ದಳು. ಆಗ ಸಭಾಪಾಲಕರ ಮನೆಯ ಆಳು ಬಂದು, ಮಧ್ಯಾಹ್ನಕ್ಕೆ ಅತಿಥಿಗಳಿದ್ದಾರೆ ಎಂದು ಆ ಕೋಳಿಯನ್ನು ಅವಳ ಕೈಯಿಂದಲೇ ತೆಗೆದುಕೊಂಡ. "ಅಯ್ಯನವರು ಪ್ರಾರ್ಥನೆ ಮಾಡಿದ ಮೇಲೆ ಒಯ್ಯಪ್ಪಾ" ಎಂದಳು. ಅವನು ನಿಲ್ಲಲಿಲ್ಲ. ಪಾವತಿ ಪುಸ್ತಕ ಹಿಡಿದು ನಾನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಹಬ್ಬದ ದಿನ ಸಭೆಯ ಶಾಂತಿ ಕೆಡಬಾರದೆಂದು ನನಗೆ ನಾನೇ ಹೇಳಿಕೊಂಡು, ತಲೆ ತಗ್ಗಿಸಿ ಪಾವತಿಗಳಿಗೆ ಅಂಕಿ ಹಾಕುತ್ತ ಕುಳಿತೆ. ಮರುವರ್ಷದ ಹಬ್ಬಕ್ಕೆ ಅವಳು ಬರಲಿಲ್ಲ. ನಾನು ಹೋಗಿ ಕರೆಯಲೂ ಇಲ್ಲ.

ಆದುದರಿಂದ ಈ ವೃತ್ತಾಂತದಲ್ಲಿ ನನ್ನ ಕಣ್ಣು ಮಕ್ಕಳಿಗಿಂತ ತಂದೆಯ ಮೇಲೆಯೇ ನಿಲ್ಲುತ್ತದೆ. ಏಲಿ ಕೆಟ್ಟವನಲ್ಲ. ಸಮುವೇಲನ ತಾಯಿ ಹನ್ನಳು ಮಗುವಿಗಾಗಿ ಪ್ರಾರ್ಥಿಸುತ್ತ ಸುರಿಸಿದ ಕಣ್ಣೀರನ್ನು ಮೊದಲು ಕುಡಿತವೆಂದು ತಪ್ಪು ತಿಳಿದರೂ ತಿದ್ದಿಕೊಂಡು ಆಶೀರ್ವದಿಸಿದ. ಬಾಲಕ ಸಮುವೇಲನಿಗೆ ದೇವರ ಧ್ವನಿಯನ್ನು ಗುರುತಿಸಲು ಕಲಿಸಿದವನೂ ಅವನೇ. ಮಕ್ಕಳಿಗೆ ಅವನು ಬುದ್ಧಿಯನ್ನೂ ಹೇಳಿದ. ಆದರೆ ಹೇಳಿ ಸುಮ್ಮನಾದ. ಕೆಲಸದಿಂದ ತೆಗೆಯಲಿಲ್ಲ, ಕೊಕ್ಕೆಯನ್ನು ಕೈಯಿಂದ ಕಸಿದುಕೊಳ್ಳಲಿಲ್ಲ. ಕಳೆದ ಕ್ರಿಸ್ಮಸ್ ರಜೆಯಲ್ಲಿ ಬಂದಾಗ ನೀನೇ ನನಗೆ ಹೇಳಿದ್ದೆ: ಮೂರನೆಯ ಅಧ್ಯಾಯದ ಆರಂಭದಲ್ಲಿ ಏಲಿಯ ಕಣ್ಣು ಮಬ್ಬಾಗತೊಡಗಿತ್ತು ಎನ್ನುವಾಗ ಇರುವ ಇಬ್ರಿಯ ಪದದ ಅಕ್ಷರಗಳೇ, ಅವನು ಮಕ್ಕಳನ್ನು ತಡೆಯಲಿಲ್ಲ ಎಂದು ದೇವರು ಹೇಳುವ ಹದಿಮೂರನೆಯ ವಚನದಲ್ಲಿಯೂ ಬರುತ್ತವೆ ಎಂದು. ನೀನು ಹೊರಟು ಹೋದ ಮೇಲೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಮಗನೇ.

ಅಂದೇ ನೀನು ಇನ್ನೊಂದು ಪದವನ್ನೂ ತೋರಿಸಿದ್ದೆ. ಭಾರ ಎಂಬುದಕ್ಕೂ ಮಹಿಮೆ ಎಂಬುದಕ್ಕೂ ಇಬ್ರಿಯದಲ್ಲಿ ಬೇರು ಒಂದೇ. ನಮ್ಮ ಕನ್ನಡದ ಘನ ಎಂಬ ಪದದಲ್ಲಿಯೂ ಎರಡೂ ಇವೆ ಎಂದು ನಾನು ಆಮೇಲೆ ಯೋಚಿಸಿದೆ. ಆ ಒಂದು ಬೇರು ಇಡೀ ಕಥೆಯಲ್ಲಿ ಹಬ್ಬಿದೆ. ನನಗಿಂತ ನಿನ್ನ ಮಕ್ಕಳನ್ನೇ ಹೆಚ್ಚಾಗಿ ಘನಪಡಿಸಿದೆ, ನನ್ನ ಜನರ ಕಾಣಿಕೆಗಳಲ್ಲಿ ಶ್ರೇಷ್ಠವಾದದ್ದನ್ನು ತಿಂದು ಕೊಬ್ಬಿದಿರಿ ಎಂದು ದೇವರ ಮನುಷ್ಯನು ಏಲಿಗೆ ಹೇಳುತ್ತಾನೆ. ಇಬ್ಬರು ಮಕ್ಕಳೂ ಒಂದೇ ದಿನ ಸಾಯುವರು, ನಂಬಿಗಸ್ತನಾದ ಬೇರೊಬ್ಬ ಯಾಜಕನು ಏಳುವನು, ಏಲಿಯ ಮನೆಯಲ್ಲಿ ಉಳಿದವರು ಒಂದು ತುಂಡು ರೊಟ್ಟಿಗಾಗಿ ಅವನ ಮುಂದೆ ಅಡ್ಡಬೀಳುವರು ಎಂಬುದು ಆ ತೀರ್ಪು. ಮುಂದೆ ಫಿಲಿಷ್ಟಿಯರೊಡನೆ ನಡೆದ ಯುದ್ಧದಲ್ಲಿ ಮೊದಲು 4,000, ಆಮೇಲೆ 30,000 ಮಂದಿ ಬಿದ್ದರು. 98 ವರ್ಷದ ಏಲಿ ದಾರಿಯ ಬದಿಯ ಪೀಠದಲ್ಲಿ ಮಂಜೂಷಕ್ಕಾಗಿ ನಡುಗುತ್ತ ಕುಳಿತಿದ್ದ. ಮಕ್ಕಳು ಸತ್ತರೆಂಬ ಸುದ್ದಿ ಕೇಳಿಯೂ ಕುಳಿತೇ ಇದ್ದವನು, ಮಂಜೂಷ ಶತ್ರುಗಳ ಕೈವಶವಾಯಿತು ಎಂದೊಡನೆ ಹಿಂದಕ್ಕೆ ಬಿದ್ದು ಕತ್ತು ಮುರಿದು ಸತ್ತ. ಅವನು ಮುದುಕನೂ ಭಾರವಾದವನೂ ಆಗಿದ್ದನೆಂದು ಗ್ರಂಥ ಕಾರಣ ಕೊಡುವಾಗ ಬರುವುದು ಅದೇ ಬೇರಿನ ಪದ. ಫೀನೆಹಾಸನ ಹೆಂಡತಿ ಹೆರಿಗೆಯಲ್ಲಿ ಸಾಯುತ್ತ, ಮಹಿಮೆ ಇಸ್ರಾಯೇಲನ್ನು ಬಿಟ್ಟುಹೋಯಿತು ಎಂದು ಮಗುವಿಗೆ ಈಕಾಬೋದ್ ಎಂದು ಹೆಸರಿಡುವಾಗಲೂ ಅದೇ.

ತೀರ್ಪು ಪೂರ್ತಿಯಾಗಿ ನೆರವೇರಿದ್ದು ಅದಾಗಿ ಬಹುಕಾಲದ ಮೇಲೆ, ಸೊಲೊಮೋನನು ಏಲಿಯ ವಂಶದ ಎಬ್ಯಾತಾರನನ್ನು ಯಾಜಕತ್ವದಿಂದ ತಳ್ಳಿ ಅನಾತೋತಿನ ಹೊಲಕ್ಕೆ ಕಳುಹಿಸಿದಾಗ; ಶೀಲೋವಿನಲ್ಲಿ ನುಡಿದ ಮಾತು ನೆರವೇರಿತೆಂದು ಅರಸುಗಳ ಮೊದಲನೆಯ ಪುಸ್ತಕ ಅಲ್ಲಿ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಈ ನಡುವೆ ನೋಬ್ ಎಂಬ ಊರಿನಲ್ಲಿ ಅರಸನಾದ ಸೌಲನ ಅಪ್ಪಣೆಯಂತೆ ಏಲಿಯ ವಂಶದ 85 ಮಂದಿ ಯಾಜಕರನ್ನು ದೋಯೇಗನು ಕೊಂದ ಸ್ಥಳದಲ್ಲಿ ಅಂಥ ಮಾತು ಇಲ್ಲ. ಹಸಿದು ಬಂದ ದಾವೀದನಿಗೆ ರೊಟ್ಟಿ ಕೊಟ್ಟದ್ದೇ ಅವರಿಗೆ ಮುಳುವಾಯಿತು. ಅದನ್ನೂ ಏಲಿಯ ಪಾಪದ ಫಲವೆಂದು ಲೆಕ್ಕ ಹಚ್ಚುವವರಿದ್ದಾರೆ. ಗ್ರಂಥ ಹೇಳದೆ ಬಿಟ್ಟಲ್ಲಿ ನೀನು ಹೇಳಬೇಡ. ಸಾವಿನ ಮನೆಗೆ ಹೋಗಿ ಇದು ದೇವರ ತೀರ್ಪು ಎಂದು ನುಡಿಯುವ ಸಭಾಪಾಲಕನನ್ನು ನಾನು ಕಂಡಿದ್ದೇನೆ, ಆ ಮನೆಯವರ ಮುಖಗಳನ್ನೂ ಕಂಡಿದ್ದೇನೆ.

ಹಾಗೆಯೇ ಈ ಅಧ್ಯಾಯಗಳನ್ನು ಯೆಹೂದ್ಯರ ಯಾಜಕರು ಕೆಟ್ಟವರಾಗಿದ್ದರು ಎಂಬುದಕ್ಕೆ ಸಾಕ್ಷಿಯಾಗಿ ಎಂದೂ ಉಪಯೋಗಿಸಬೇಡ. ತಮ್ಮ ಮಹಾಪವಿತ್ರ ಸ್ಥಾನದ ಯಾಜಕರು ಮಾಡಿದ ಅವಮಾನವನ್ನು ಮುಚ್ಚಿಡದೆ ಬರೆದು, ಪ್ರತಿ ಮಾಡಿ, ಆರಾಧನೆಯಲ್ಲಿ ಓದಿ, ಶತಮಾನಗಳ ಕಾಲ ಕಾಪಾಡಿದವರು ಅವರೇ. ದೇವಾಲಯ ನಮ್ಮಲ್ಲಿದೆ, ನಮಗೇನು ಭಯ ಎನ್ನುತ್ತಿದ್ದ ತನ್ನ ಜನರಿಗೆ, ಶೀಲೋವಿಗೆ ಹೋಗಿ ನಾನು ಅದಕ್ಕೆ ಮಾಡಿದ್ದನ್ನು ನೋಡಿರಿ ಎಂಬ ದೇವರ ವಾಕ್ಯವನ್ನು ಸಾರಿದ ಪ್ರವಾದಿ ಯೆರೆಮೀಯನು ಸ್ವತಃ ಅನಾತೋತಿನ ಯಾಜಕರ ಮನೆತನದವನು. ನಮ್ಮ ಸಭೆಗಳ ನಡವಳಿಕೆ ಪುಸ್ತಕಗಳಲ್ಲಿ ಅಷ್ಟು ನೇರವಾಗಿ ಬರೆದ ಒಂದು ಪುಟವನ್ನೂ ನಾನು ನೋಡಿಲ್ಲ, ನನ್ನ ಕೈಯಿಂದ ಬರೆದ ಪುಟಗಳೂ ಸೇರಿ.

ನೀನು ಹೋಗುವ ಸಭೆಯಲ್ಲಿ ಕಾಣಿಕೆ ಎಣಿಸುವವನು ಯಾರೆಂದು ಮೊದಲು ತಿಳಿದುಕೊಂಡು, ಅವನೊಡನೆ ಒಂದು ಒಪ್ಪಂದ ಮಾಡಿಕೋ: ನಿನ್ನ ಮನೆಯವರಾಗಲಿ ನಿನ್ನ ಹೆಸರು ಹೇಳಿಕೊಂಡು ಬಂದವರಾಗಲಿ ಅರ್ಪಣೆಯ ಪ್ರಾರ್ಥನೆಗೆ ಮುನ್ನ ಒಂದು ತೆಂಗಿನಕಾಯಿಗೆ ಕೈಹಾಕಿದರೂ ಅವನು ಎಲ್ಲರೆದುರು ತಡೆಯಬೇಕು, ನೀನು ಅದಕ್ಕೆ ಮುಖ ಸಿಂಡರಿಸಬಾರದು. ಬಾಯಿಂದ ಕೇಳಿದರೆ ಸಾಲದು, ನಿನ್ನ ಸಹಿಯೊಂದಿಗೆ ಬರೆದುಕೊಡು. ಅಯ್ಯನವರನ್ನು ತಡೆಯಲು ನಮ್ಮ ಜನರಿಗೆ ನಾಲಿಗೆ ಏಳುವುದಿಲ್ಲ.

ದೀಕ್ಷೆಯ ಹಿಂದಿನ ರಾತ್ರಿ ಮೂರನೆಯ ಅಧ್ಯಾಯವನ್ನು ಮತ್ತೊಮ್ಮೆ ಓದು. ಪ್ರವಾದಿ ಮಲಾಕಿಯ ಕಾಲದಲ್ಲಿ ಕುರುಡು ಕುಂಟು ಪಶುಗಳನ್ನು ಅರ್ಪಿಸುತ್ತಿದ್ದ ಯಾಜಕರನ್ನು ಕಂಡು, ಈ ಆಲಯದ ಬಾಗಿಲುಗಳನ್ನು ನಿಮ್ಮಲ್ಲಿ ಯಾರಾದರೂ ಮುಚ್ಚಿಬಿಟ್ಟರೆ ಎಷ್ಟೋ ಒಳ್ಳೆಯದು ಎಂದು ದೇವರು ಹೇಳಿದ್ದು ನಿನಗೆ ಗೊತ್ತು. ಸಮುವೇಲನು ತನ್ನನ್ನು ಸಾಕಿದ ಮುದುಕನ ಮನೆಯ ಮೇಲೆ ಬರುವ ತೀರ್ಪನ್ನು ರಾತ್ರಿ ಕೇಳಿ, ಅದನ್ನು ಏಲಿಗೆ ಹೇಗೆ ಹೇಳುವುದೆಂದು ಅಂಜುತ್ತ ಬೆಳಗಿನ ತನಕ ಮಲಗಿದ್ದು, ಎದ್ದವನು ಎಂದಿನಂತೆ ಯೆಹೋವನ ಮಂದಿರದ ಬಾಗಿಲುಗಳನ್ನು ತೆರೆದನು. ಆಮೇಲೆ ಏಲಿ ಕರೆದು ಕೇಳಿದಾಗ ಒಂದನ್ನೂ ಮರೆಮಾಡದೆ ಎಲ್ಲವನ್ನೂ ಹೇಳಿದನು.

ನಿನ್ನ ದೊಡ್ಡಮ್ಮನೂ ನಾನೂ ಹಿಂದಿನ ದಿನ ಸಂಜೆಯೇ ಬಂದು ಸೇರುತ್ತೇವೆ.

ಇಂತಿ,
ನಿನ್ನ ದೊಡ್ಡಪ್ಪ