ಹಳೇ ಕಂಪ್ಯೂಟರ್ ರಿಪೇರಿಗೆ ತರೋ ಮೊದ್ಲು ದಯವಿಟ್ಟು ಓದಿ

ಕಾರವಾರ, ಅಂಕೋಲಾ, ಕುಮಟಾ ಕಡೆಯವ್ರಿಗೂ ಘಟ್ಟದ ಮೇಲಿಂದ ಬರೋ ಶಿರಸಿ, ಯಲ್ಲಾಪುರದ ಗ್ರಾಹಕರಿಗೂ ನಮಸ್ಕಾರ.

ಈ ಮಳೆಗಾಲದಿಂದ ನಮ್ಮ ಅಂಗಡೀಲಿ ಒಂದು ಬದಲಾವಣೆ. 386, 486, ಹಳೇ ಪೆಂಟಿಯಂ ಅಂತ ಹಳೇ ಪ್ರೊಸೆಸರ್ ಇರೋ ಕಂಪ್ಯೂಟರ್ ಯಾವ್ದೇ ತಂದ್ರೂ ಇನ್ಮೇಲೆ ಕೌಂಟರ್ ಮೇಲೆ ಇಟ್ಟು ಪ್ಲಗ್ ಹಾಕಿ ನೋಡಲ್ಲ. ಮೊದ್ಲು ಬಿಚ್ಚೋದು, ಆಮೇಲೆ ಕರೆಂಟ್. ಹಾಗಾಗಿ ಬೆಳಿಗ್ಗೆ ಕೊಟ್ಟು ಸಂಜೆ ಒಯ್ಯೋಕೆ ಆಗಲ್ಲ, ಒಂದು ವಾರ ಬಿಟ್ಟು ಹೋಗ್ಬೇಕು. ಬಿಚ್ಚಿ ನೋಡೋಕೆ 300 ರೂಪಾಯಿ, ರಿಪೇರಿ ಮಾಡ್ಸಿದ್ರೆ ಆ ದುಡ್ಡು ಬಿಲ್ಲಲ್ಲಿ ಮುರ್ಕೊಳ್ತೀವಿ.

ಯಾಕೆ ಅಂದ್ರೆ ಆ ಕಾಲದ ಬಹಳಷ್ಟು ಮದರ್‌ಬೋರ್ಡ್ (ಒಳಗಿನ ಮುಖ್ಯ ಬೋರ್ಡ್) ಮೇಲೆ ಗಡಿಯಾರ, ಸೆಟ್ಟಿಂಗ್ ನೆನಪಿಟ್ಕೊಳ್ಳೋಕೆ ಅಂತ 3.6 ವೋಲ್ಟಿನ ಒಂದು ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಬೆಸುಗೆ ಹಾಕಿರ್ತಾರೆ, ಸಣ್ಣ ಡ್ರಮ್ ಆಕಾರದ್ದು. ವರ್ಷಗಟ್ಲೆ ಹಾಗೇ ಬಿಟ್ರೆ ಅದು ಸೋರತ್ತೆ, ಸೋರಿದ್ದು ಬೋರ್ಡಿನ ತಾಮ್ರದ ಗೆರೆಗಳನ್ನ ತಿನ್ನತ್ತೆ, ಹಸಿರು ಪುಡಿ ಕಟ್ಟತ್ತೆ. ಬಹಳ ಬೋರ್ಡಲ್ಲಿ ಕೀಬೋರ್ಡ್ ಸಾಕೆಟ್ ಅದರ ಪಕ್ಕದಲ್ಲೇ ಇರೋದ್ರಿಂದ ಮೊದ್ಲು ಸಾಯೋದು ಕೀಬೋರ್ಡೇ, ಜನ ಹೊಸ ಕೀಬೋರ್ಡ್ ತಂದು ಹಾಕಿ ಹಾಕಿ ಸುಸ್ತಾಗಿರ್ತಾರೆ. ಅದ್ರ ಮೇಲೆ ನಮ್ಮ ಕಡಲ ಗಾಳಿ, ಉಪ್ಪು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆರದ ತೇವ. ಇಂಥ ಬೋರ್ಡಿಗೆ ಕರೆಂಟ್ ಕೊಟ್ರೆ ಉಳಿಯೋದಿದ್ದ ಚಿಪ್ಪೂ ಹೋಗ್ಬಹುದು.

ನಾವು ಮಾಡೋದು ಇಷ್ಟು: ಬ್ಯಾಟರಿ ಕಿತ್ತು, ಸೋರಿದ್ದು ಕ್ಷಾರ ಆದ್ರಿಂದ ವಿನೆಗರ್ ಹಚ್ಚಿ, ಚೆನ್ನಾಗಿ ತೊಳೆದು, ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಪೂರ್ತಿ ಒಣಗಿಸಿ, ಆಮೇಲೆ ಒಂದೊಂದು ಗೆರೆಗೂ ಮೀಟರ್ ಹಿಡಿದು ಬೀಪ್ ಬರತ್ತಾ ನೋಡೋದು, ಬರದಿದ್ದಲ್ಲಿ ಕೂದಲಿನಷ್ಟು ತೆಳು ವೈರ್ ಎಳೆದು ಬೆಸೆಯೋದು. ಇದಕ್ಕೇ ದಿನ ಹಿಡಿಯೋದು, ಇದನ್ನ ಅವಸರದಲ್ಲಿ ಮಾಡೋಕೆ ನಮ್ಗೆ ಮನಸ್ಸಿಲ್ಲ. ಹೊಸದಾಗಿ ಸಿಆರ್2032 ಅನ್ನೋ ನಾಣ್ಯದಾಕಾರದ ಸೆಲ್ ಹಾಕ್ತೀವಿ, ಅದು ಚಾರ್ಜ್ ಮಾಡೋ ಸೆಲ್ ಅಲ್ಲ, ಆದ್ರೆ ಬೋರ್ಡ್ ಅದನ್ನ ಚಾರ್ಜ್ ಮಾಡೋಕೆ ನೋಡತ್ತೆ, ಅದಕ್ಕೆ ಮಧ್ಯೆ ಕರೆಂಟನ್ನ ಒಂದೇ ಕಡೆ ಬಿಡೋ ಒಂದು ಡಯೋಡ್ ಬೇಕೇ ಬೇಕು, ಸೆಲ್ಲನ್ನೂ ವೈರ್ ಎಳೆದು ಬೋರ್ಡಿಂದ ದೂರ ಕೂರ್ಸ್ತೀವಿ.

ಪವರ್ ಸಪ್ಲೈನೂ ಬೇರೆ ತೆಗೆದು ಲೋಡ್ ಹಾಕಿ 5 ವೋಲ್ಟ್, 12 ವೋಲ್ಟ್ ಸರಿ ಇದ್ರೆ ಮಾತ್ರ ಜೋಡಿಸ್ತೀವಿ.

ಹಾರ್ಡ್ ಡಿಸ್ಕ್ ವಿಷ್ಯ ಇನ್ನೂ ಸೂಕ್ಷ್ಮ. ಅಟ್ಟದ ಮೇಲೆ ಬಹಳ ಕಾಲ ಬಿದ್ದಿದ್ದ ಡಿಸ್ಕ್ ಒಂದ್ಸಲ ತಿರುಗಿ ಇನ್ನೊಂದ್ಸಲ ತಿರುಗದೇ ಇರ್ಬಹುದು, ಹಾಗಾಗಿ ಆ ಮೊದಲನೇ ಸಲದಲ್ಲೇ ಪೂರ್ತಿ ಕಾಪಿ ಎತ್ಕೊಳ್ಬೇಕು. ಅದಕ್ಕೇ ಕೇಳ್ಕೊಳ್ಳೋದು, ಮನೇಲಿ "ಒಂದ್ಸಲ ಆನ್ ಮಾಡಿ ನೋಡ್ವ" ಅಂತ ದಯವಿಟ್ಟು ಮಾಡ್ಬೇಡಿ, ಸೊಸೈಟಿಯ ಹಳೇ ಲೆಕ್ಕ, ಪ್ರೆಸ್ಸಿನ ಫೈಲು ಎಲ್ಲಾ ಅದ್ರಲ್ಲೇ ಇರತ್ತೆ.

ಅಪ್‌ಗ್ರೇಡ್ ಕೇಳೋರಿಗೆ ಒಂದು ಮಾತು. ಡಿಸ್ಕ್ ಬದ್ಲು ಅಡಾಪ್ಟರ್ ಇಟ್ಟು ಕಾಂಪ್ಯಾಕ್ಟ್ ಫ್ಲ್ಯಾಶ್ ಅನ್ನೋ ಮೆಮೊರಿ ಕಾರ್ಡ್ ಹಾಕೋದು ಒಳ್ಳೇದೇ, ಸದ್ದಿಲ್ಲ, ಬಿಸಿ ಕಮ್ಮಿ, ಆದ್ರೆ ಹಳೇ ಬಯೋಸ್ (ಆನ್ ಮಾಡಿದ ಕೂಡ್ಲೇ ಡಿಸ್ಕ್ ಗುರುತಿಸೋ, ಬೋರ್ಡಲ್ಲೇ ಇರೋ ಪ್ರೋಗ್ರಾಮ್) ಸುಮಾರಾಗಿ 504 ಎಂಬಿ ಮೇಲೆ ನೋಡಲ್ಲ, ವಿಂಡೋಸ್‌ಗಿಂತ ಹಿಂದಿನ ಆಪರೇಟಿಂಗ್ ಸಿಸ್ಟಂ ಡಾಸ್ 6.22ಗೆ ಒಂದು ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) 2 ಜಿಬಿ ದಾಟಲ್ಲ. ದೊಡ್ಡ ಕಾರ್ಡಿಗೆ ಸುಮ್ನೆ ದುಡ್ಡು ಹಾಕ್ಬೇಡಿ, ಡಾಸಲ್ಲಿ ಓಡೋ ಲೆಕ್ಕದ ಪ್ರೋಗ್ರಾಮಿಗೆ ಅಷ್ಟೇ ಜಾಗ ಧಾರಾಳ. ಡಾಸಲ್ಲಿ ಕನ್ನಡ ಬರೆಯೋಕೆ ಸರ್ಕಾರಿ ಸಂಸ್ಥೆ ಸಿ-ಡ್ಯಾಕಿನ ಜಿಸ್ಟ್ ಕಾರ್ಡ್ ಇರೋ ಮಷೀನನ್ನಂತೂ ಗುಜರಿಗೆ ಕೊಡ್ಲೇಬೇಡಿ. ಆ ಕಾರ್ಡ್ ಕೂರೋ ಐಎಸ್ಎ ಅನ್ನೋ ಹಳೇ ಬಗೆಯ ಸ್ಲಾಟ್ ಈಗಿನ ಬೋರ್ಡಲ್ಲಿ ಇಲ್ಲ, ಅದ್ರಲ್ಲಿ ಬರೆದ ಕನ್ನಡ ಇಸ್ಕಿ ಅನ್ನೋ ಹಳೇ ಅಕ್ಷರ ಸಂಕೇತದಲ್ಲಿ ಇರತ್ತೆ, ಈಗ ಎಲ್ಲಾ ಕಡೆ ಬಳಸೋ ಯೂನಿಕೋಡ್ ಅಲ್ಲ, ಪರಿವರ್ತನೆ ಮಾಡ್ದೇ ಹೊಸ ಕಂಪ್ಯೂಟರಲ್ಲಿ ತೆರೆದ್ರೆ ಒಂದಕ್ಷರ ಓದೋಕಾಗಲ್ಲ. ಇಂಥ ಮಷೀನ್ ಬಂದ್ರೆ ನಾವು ಬೇರೆ ಕೆಲ್ಸ ಪಕ್ಕಕ್ಕಿಟ್ಟಾದ್ರೂ ನೋಡ್ತೀವಿ.

ತರುವಾಗ ಮಳೇಲಿ ಪ್ಲಾಸ್ಟಿಕ್ ಸುತ್ತಿ ತನ್ನಿ, ಕೀಬೋರ್ಡು, ಫ್ಲಾಪಿ, ಜೊತೆಗಿದ್ದ ಪುಸ್ತಕ ಎಲ್ಲಾ ಇರ್ಲಿ. ಬಿಚ್ಚಿದ ಹಳೇ ಪಾರ್ಟ್ ಕವರಲ್ಲಿ ಹಾಕಿ ವಾಪಸ್ ಕೊಡ್ತೀವಿ, ಸೋರಿದ ಬ್ಯಾಟರಿ ಮಾತ್ರ ಕೊಡಲ್ಲ, ಅದು ಮನೇಲಿ ಇಡೋ ವಸ್ತು ಅಲ್ಲ, ಇ-ವೇಸ್ಟಿಗೆ ಹಾಕ್ತೀವಿ. ಈಗಾಗ್ಲೇ ಕೊಟ್ಟು ಹೋದವ್ರಿಗೆ ಹಳೇ ರೇಟೇ.

ಇಂತಿ,
ಅಂಗಡಿಯವರು, ಕಾರವಾರ