ಆಪರೇಟರ್ ಕೆಲಸ ಒಂದೇ ದಿನಕ್ಕೆ ಹೋಗಲಿಲ್ಲ

ಮಾನ್ಯರೇ,

ಯಂತ್ರಗಳಿಂದ ಕೆಲಸ ಹೋಗುವ ಬಗ್ಗೆ ಕಳೆದ ವಾರ ನಿಮ್ಮಲ್ಲಿ ಬಂದ ಲೇಖನ ಓದಿದೆ. ‘ಆಟೋಮ್ಯಾಟಿಕ್ ಎಕ್ಸ್‌ಚೇಂಜ್ ಬಂತು, ಟೆಲಿಫೋನ್ ಆಪರೇಟರ್‌ಗಳು ಮನೆಗೆ ಹೋದರು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಸ್ಟ್ರೋಜರ್ ಎಂಬ ಆಟೋಮ್ಯಾಟಿಕ್ ಎಕ್ಸ್‌ಚೇಂಜಿನಲ್ಲಿ ವರ್ಷಗಟ್ಟಲೆ ದುಡಿದ ನನಗೆ ಇದನ್ನು ಒಪ್ಪಲು ಆಗಲಿಲ್ಲ.

ಅದಕ್ಕೆ ಮೊದಲು ಆಪರೇಟರ್ ನಂಬರ್ ಕೇಳುತ್ತಿದ್ದರು. ಎದುರಿನ ಬೋರ್ಡಿನಲ್ಲಿ ಆ ಲೈನಿಗಿದ್ದ ತೂತಿನ ಅಂಚಿಗೆ ಪ್ಲಗ್ಗಿನ ತುದಿ ತಾಗಿಸುತ್ತಿದ್ದರು. ಕಿವಿಯಲ್ಲಿ ‘ಟಕ್’ ಎಂದರೆ ಲೈನ್ ಎಂಗೇಜ್. ಇಲ್ಲದಿದ್ದರೆ ಪ್ಲಗ್ ಚುಚ್ಚಿ ಗಂಟೆ ಬಾರಿಸುತ್ತಿದ್ದರು.

ಅಮೆರಿಕದ ಆಲ್ಮನ್ ಸ್ಟ್ರೋಜರ್ 1891ರಲ್ಲಿ ಪೇಟೆಂಟ್ ಪಡೆದದ್ದು ಇದನ್ನೇ ಯಂತ್ರದಿಂದ ಮಾಡಿಸುವುದಕ್ಕೆ. ಮರುವರ್ಷ ಇಂಡಿಯಾನಾದ ಲಾ ಪೋರ್ಟ್‌ನಲ್ಲಿ ಇಂಥ ಮೊದಲ ಎಕ್ಸ್‌ಚೇಂಜ್ ಶುರುವಾಯಿತು. ಮುಂದೆ ಡಯಲ್ ಬಂತು. 2345 ತಿರುಗಿಸಿದಿರಿ ಅನ್ನಿ. ಮೊದಲ ಅಂಕಿ ಎರಡಕ್ಕೆ, ಡಯಲ್ ವಾಪಸ್ ಬರುವಾಗ ಕರೆಂಟು ಎರಡು ಸಲ ಕಡಿದು ಕೂಡುತ್ತದೆ. ಒಂದೊಂದು ಸಲವೂ ಮ್ಯಾಗ್ನೆಟ್ ಎಳೆದು, ಸೆಲೆಕ್ಟರಿನ (ತಂತಿ ತುದಿಗಳ ಸಾಲುಗಳ ಮುಂದೆ ಏರಿ ತಿರುಗುವ ಸ್ವಿಚ್ಚಿನ) ಕಂಬಿ ಒಂದು ಹಲ್ಲು ಮೇಲೇರುತ್ತದೆ. ಎರಡನೇ ಸಾಲಿಗೆ ಬಂದ ಮೇಲೆ ತಾನಾಗಿಯೇ ಪಕ್ಕಕ್ಕೆ ತಿರುಗುತ್ತಾ ಮುಂದಿನ ಸೆಲೆಕ್ಟರಿಗೆ ಖಾಲಿ ದಾರಿ ಹುಡುಕುತ್ತದೆ. ಮೂರಕ್ಕೆ ಇನ್ನೊಂದು ಸೆಲೆಕ್ಟರ್ ಹೀಗೇ ಮಾಡುತ್ತದೆ. ಕೊನೆಯದು ನಾಲ್ಕು ಸಾಲು ಮೇಲೇರಿ, ಐದು ಹೆಜ್ಜೆ ಪಕ್ಕಕ್ಕೆ ಹೋಗಿ ನಿಲ್ಲುತ್ತದೆ. ಹತ್ತು ಸಾಲು, ಸಾಲಿಗೆ ಹತ್ತು: ಒಟ್ಟು ನೂರು ಲೈನು. ಅಲ್ಲಿ ಮೂರನೇ ತಂತಿಯೊಂದನ್ನು ಮುಟ್ಟಿ ಲೈನ್ ಎಂಗೇಜಾ ಎಂದು ನೋಡುತ್ತದೆ. ಆಪರೇಟರ್ ಪ್ಲಗ್ ತಾಗಿಸುತ್ತಿದ್ದದ್ದೂ ಇದಕ್ಕೇ ಅಲ್ವಾ? ಬೆಳಗ್ಗೆ ಹತ್ತರ ಹೊತ್ತಿಗೆ ಸ್ವಿಚ್ ರೂಮಿನಲ್ಲಿ ಇವೆಲ್ಲದರ ಸದ್ದಿಗೆ ಪಕ್ಕದವರ ಮಾತು ಕೇಳಿಸುತ್ತಿರಲಿಲ್ಲ.

ಅಂದರೆ ಆಪರೇಟರ್ ಮಾಡುತ್ತಿದ್ದುದರಲ್ಲಿ ಒಂದು ಭಾಗ ಯಂತ್ರಕ್ಕೆ ಹೋಯಿತು. ನಂಬರ್ ಹುಡುಕಿ ತಿರುಗಿಸುವ ಭಾಗ ಗ್ರಾಹಕರ ಹೆಗಲಿಗೇ ಬಿತ್ತು, ಅದೂ ಸಂಬಳವಿಲ್ಲದೆ. ಸೆಲೆಕ್ಟರುಗಳನ್ನು ಒರೆಸಿ, ಎಣ್ಣೆ ಹಾಕಿ, ಸ್ಪ್ರಿಂಗ್ ಸರಿಮಾಡುವ ಹೊಸ ಕೆಲಸ ನಮ್ಮಂಥವರಿಗೆ ಸಿಕ್ಕಿತು. ಊರೂರ ನಡುವಿನ ಟ್ರಂಕ್ ಕಾಲ್ ಮಾತ್ರ ಆಪರೇಟರ್ ಕೈಯಲ್ಲೇ ಉಳಿಯಿತು. ನಮ್ಮ ದೇಶದಲ್ಲಿ ಶಿಮ್ಲಾಕ್ಕೆ ಆಟೋಮ್ಯಾಟಿಕ್ ಎಕ್ಸ್‌ಚೇಂಜ್ ಬಂದದ್ದು ಮೊದಲ ಮಹಾಯುದ್ಧದ ಹೊತ್ತಿಗೆ. ಆಪರೇಟರ್ ಇಲ್ಲದೆ ಊರಿಂದ ಊರಿಗೆ ನೇರವಾಗಿ ಡಯಲ್ ಮಾಡುವ ಮೊದಲ ಎಸ್‌ಟಿಡಿ, ಕಾನ್ಪುರ–ಲಖನೌ ನಡುವೆ, 1960ರಲ್ಲಿ. ಅದಾದ ಮೇಲೂ ಎಷ್ಟೋ ವರ್ಷ ಜನ ಟ್ರಂಕ್ ಕಾಲನ್ನು ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ದರ್ಜೆ ಹೇಳಿ ಬುಕ್ ಮಾಡಿ ಕಾಯುತ್ತಿದ್ದರು. ಕೆಲಸ ಹೋದವರ ನೋವು ಸಣ್ಣದಲ್ಲ. ಆದರೆ ಅದು ಊರಿಂದ ಊರಿಗೆ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ರೀತಿಯಲ್ಲಿ ಬಂತು. ಹಾಗೆಯೇ ಬರೆಯಬೇಕು.

ನಮ್ಮ ಬೆಂಗಳೂರಿನ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯಲ್ಲೇ ಸ್ಟ್ರೋಜರ್ ಉಪಕರಣ ತಯಾರಾಗುತ್ತಿತ್ತು. ಅದನ್ನು ಜೋಡಿಸಿದವರು, ಟ್ರಂಕ್ ಬೋರ್ಡಿನಲ್ಲಿ ರಾತ್ರಿಪಾಳಿ ಮಾಡಿದ ಹೆಣ್ಣುಮಕ್ಕಳು ಈಗ ವಯಸ್ಸಾದವರು. ನಿಮ್ಮ ವರದಿಗಾರರು ದಯವಿಟ್ಟು ಅವರನ್ನು ಮಾತನಾಡಿಸಲಿ. ಒಂದು ಭಾನುವಾರದ ಪುರವಣಿಯನ್ನು ಅವರಿಗಾಗಿ ಮೀಸಲಿಡಿ.

— ನಿವೃತ್ತ ಟೆಲಿಫೋನ್ ಟೆಕ್ನಿಷಿಯನ್, ಬೆಂಗಳೂರು